ಇಪ್ಪತ್ತೈದು ಮಂದಿಯ ಓರಿಯೆಂಟಿಯರಿಂಗ್‌ಗೆ ಯಾವ ಬಗೆಯ ಸ್ಪರ್ಧೆ ಇಡಬೇಕು?

ಮಂಗಳೂರು, ಉಡುಪಿಯಂಥ ಊರಿನಲ್ಲಿ ಓರಿಯೆಂಟಿಯರಿಂಗ್ ಇಡುವವರ ಗೋಳು ಹೆಚ್ಚುಕಡಿಮೆ ಒಂದೇ. ಮೊದಲ ಸಲ ಕುತೂಹಲಕ್ಕೆ ತುಂಬಾ ಜನ ಬರುತ್ತಾರೆ. ಎರಡನೇ ಸಲ ಅರ್ಧ. ಮೂರನೇ ಸಲ ಬಂದವರಲ್ಲಿ ಕಾಲುಭಾಗ ಸಂಘಟಕರ ಮನೆಯವರೇ. ಗೆಲ್ಲುವವರು ಮಾತ್ರ ಪ್ರತಿ ಸಲವೂ ಅದೇ ಇಬ್ಬರು ಕಾಲೇಜು ಹುಡುಗರು. ಆಗ ಮೀಟಿಂಗ್ ಕರೆದು ದೊಡ್ಡ ಟ್ರೋಫಿ ಇಡೋಣ, ಟೀಶರ್ಟ್ ಕೊಡೋಣ, ಹೊರದೇಶದವರ ಹಾಗೆ ಎಲೆಕ್ಟ್ರಾನಿಕ್ ಚಿಪ್ ತರಿಸೋಣ ಅಂತೆಲ್ಲ ಮಾತಾಗುತ್ತದೆ. ನನ್ನನ್ನು ಕೇಳಿದರೆ ಇದ್ಯಾವುದಕ್ಕೂ ಈಗಲೇ ದುಡ್ಡು ಹಾಕಬೇಡಿ. ಮೊದಲು ಸ್ಪರ್ಧೆಯ ಬಗೆ ಬದಲಿಸಿ. ಜಾಗ, ಮ್ಯಾಪ್, ಜನ ಎಲ್ಲ ಅದೇ ಇರಲಿ. ಬಿಡುವ ಕ್ರಮ, ಎಣಿಸುವ ಕ್ರಮ ಬೇರೆಯಾದರೆ ಸಾಕು, ಹಿಂದೆ ಬೀಳುವವರಿಗೂ ಓಡುವ ಹುಕಿ ಬರುತ್ತದೆ.

ಹೊಸಬರಿಗೆ ಎರಡು ಮಾತು. ಓರಿಯೆಂಟಿಯರಿಂಗ್‌ನಲ್ಲಿ ಕೈಯಲ್ಲೊಂದು ಮ್ಯಾಪ್, ಬೇಕಿದ್ದರೆ ದಿಕ್ಸೂಚಿ. ಮ್ಯಾಪಿನಲ್ಲಿ ಒಂದು ತ್ರಿಕೋನ, ಅಲ್ಲಿಂದ ಶುರು. ಜೋಡಿ ವೃತ್ತ ಇದ್ದಲ್ಲಿ ಮುಗಿತಾಯ. ನಡುವೆ ನೇರಳೆ ಬಣ್ಣದ ಒಂಟಿ ವೃತ್ತಗಳು. ಅವುಗಳ ನಡುಮಧ್ಯದಲ್ಲಿ, ನೆಲದ ಮೇಲೆ, ಕಿತ್ತಳೆ-ಬಿಳಿ ಬಾವುಟ ಇರುತ್ತದೆ. ಅದಕ್ಕೆ ಕಂಟ್ರೋಲ್ ಅಂತ ಹೆಸರು. ಹುಡುಕಿ, ಹೋದದ್ದಕ್ಕೆ ಗುರುತು ಮಾಡಿಕೊಂಡು ಬರಬೇಕು. ಯಾವ ದಾರಿಯಲ್ಲಿ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಆಟ ಇರುವುದೇ ಅಲ್ಲಿ.

ಒಬ್ಬೊಬ್ಬರನ್ನೇ ಬಿಡುವ ಹಳೆಯ ಕ್ರಮ

1897ರ ಅಕ್ಟೋಬರ್ 31ರಂದು ನಾರ್ವೆಯಲ್ಲಿ, ಓಸ್ಲೋ ಪಕ್ಕ, ಸಾರ್ವಜನಿಕರಿಗಾಗಿ ಮೊದಲ ಓರಿಯೆಂಟಿಯರಿಂಗ್ ಸ್ಪರ್ಧೆ ನಡೆಯಿತು. ಆಮೇಲೆ ಗಟ್ಟಿಯಾಗಿ ಬೇರೂರಿದ ಕ್ರಮ ಇದು: ಕಂಟ್ರೋಲ್‌ಗಳಿಗೆ ಒಂದು, ಎರಡು, ಮೂರು ಎಂದು ಅನುಕ್ರಮ ಇರುತ್ತದೆ. ಒಬ್ಬರನ್ನು ಬಿಟ್ಟು ಒಂದೆರಡು ನಿಮಿಷದ ನಂತರ ಇನ್ನೊಬ್ಬರನ್ನು ಬಿಡುತ್ತಾರೆ. ಇನ್ನೊಬ್ಬರ ಬಾಲ ಹಿಡಿದು ಓಡುವ ಹಾಗಿಲ್ಲ, ಪೂರ್ತಿ ನಿಮ್ಮದೇ ತಲೆ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ.

ಆದರೆ ಇಪ್ಪತ್ತೈದು ಮಂದಿಗೆ ಎರಡೆರಡು ನಿಮಿಷ ಅಂತಿಟ್ಟರೆ ಬಿಡುವುದಕ್ಕೇ ಹೆಚ್ಚುಕಡಿಮೆ ಐವತ್ತು ನಿಮಿಷ ಹೋಯಿತು. ಮೊದಲು ಓಡಿದವರು ಮುಗಿಸಿ, ಬೆವರು ಒರೆಸಿ, ತಿಂಡಿಗೆ ಮನೆಗೆ ಹೊರಟಿರುತ್ತಾರೆ. ಕೊನೆಯವರು ಇನ್ನೂ ಶೂ ಲೇಸ್ ಕಟ್ಟುತ್ತಿರುತ್ತಾರೆ. ಯಾರು ಗೆದ್ದರು ಅಂತ ಸಂಜೆ ವಾಟ್ಸಾಪ್‌ನಲ್ಲಿ ಗೊತ್ತಾಗುತ್ತದೆ. ಒಬ್ಬರ ಮುಖ ಇನ್ನೊಬ್ಬರು ನೋಡದ ಸ್ಪರ್ಧೆಯಲ್ಲಿ ಪೈಪೋಟಿ ಎಲ್ಲಿಂದ ಬರಬೇಕು? ಇನ್ನೂರು ಜನ ಇದ್ದಾಗ, ದೊಡ್ಡ ಕಾಡು ಸಿಕ್ಕಾಗ ಈ ಕ್ರಮ ಸರಿ. ನಮಗೆ ಅಭ್ಯಾಸದ ದಿನಕ್ಕೆ ಇರಲಿ.

ಸ್ಕೋರ್: ಮೊದಲ ಆಯ್ಕೆ ಇದೇ

ಒಂದೇ ಬಗೆ ಆರಿಸಿಕೊಳ್ಳಿ ಎಂದರೆ ನಾನು ಸ್ಕೋರ್ ಅನ್ನೇ ಹೇಳುವುದು. ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಹದಿನೆಂಟೋ ಇಪ್ಪತ್ತೋ ಕಂಟ್ರೋಲ್, ನಲವತ್ತೈದು ನಿಮಿಷ. ಯಾವ ಕ್ರಮದಲ್ಲಾದರೂ ಹೋಗಿ, ಎಷ್ಟಾದರೂ ಮುಟ್ಟಿ. ಹತ್ತಿರದ್ದಕ್ಕೆ 10 ಅಂಕ, ನಡುವಿನದಕ್ಕೆ 20, ದೂರದ್ದಕ್ಕೆ 30. ತಡವಾಗಿ ಬಂದರೆ ನಿಮಿಷಕ್ಕೆ 10 ಅಂಕ ಕಡಿತ, ಶುರುವಾದ ನಿಮಿಷವನ್ನೂ ಪೂರ್ತಿ ಎಣಿಸಬೇಕು.

ಇದರ ಲಾಭ ನೋಡಿ. ಕೂಟ ಎಷ್ಟು ಗಂಟೆಗೆ ಮುಗಿಯುತ್ತದೆಂದು ಮೊದಲೇ ಗೊತ್ತು. ನಡೆದು ಬಂದ ಅಜ್ಜನೂ ಓಡಿ ಬಂದ ಮೊಮ್ಮಗಳೂ ಒಂದೇ ಹೊತ್ತಿಗೆ ಮುಗಿತಾಯದಲ್ಲಿರುತ್ತಾರೆ. "ಎಲ್ಲ ಕಂಟ್ರೋಲ್ ಸಿಗಲಿಲ್ಲ, ಹಾಗಾಗಿ ಔಟ್" ಎಂಬ ಅವಮಾನ ಯಾರಿಗೂ ಇಲ್ಲ. ಕೈಗಡಿಯಾರ ನೋಡಿಕೊಂಡು ಲೆಕ್ಕ ಹಾಕುವ ಜಾಣತನಕ್ಕೂ ಓಟದಷ್ಟೇ ಬೆಲೆ ಇದೆ.

ಬಾವುಟಗುಡ್ಡೆಯ ಮೇಲೆ ಶುರು ಮತ್ತು ಮುಗಿತಾಯ ಇಟ್ಟಿದ್ದೀರಿ ಅಂದುಕೊಳ್ಳಿ. 10 ಅಂಕದವು ಗುಡ್ಡೆಯ ಮೇಲೇ ಇವೆ. 30 ಅಂಕದವು ಕೆಲವು ಕೆಳಗೆ, ಹಂಪನಕಟ್ಟೆ ದಾಟಿ ಬಂದರಿನ ಓಣಿಗಳಲ್ಲಿ. ಇಳಿಯುವಾಗ ಎಲ್ಲರೂ ಶೂರರೇ. ಮೂವತ್ತೆಂಟನೇ ನಿಮಿಷಕ್ಕೆ ನೀವು ಕೆಳಗೆ ಇದ್ದೀರಿ, ಏರು ಹತ್ತಿ ವಾಪಸಾಗಲು ಏಳು ನಿಮಿಷ ಬೇಕು. ಅಂದರೆ ಈಗಲೇ ಹೊರಟರೆ ಸರಿಯಾಗಿ ಹೊತ್ತಿಗೆ ತಲುಪುತ್ತೀರಿ. ಆದರೆ ಮುಂದಿನ ತಿರುವಿನಲ್ಲೇ ಇನ್ನೊಂದು 20 ಅಂಕದ್ದು ಕಾಣುತ್ತಿದೆ, ಹೋಗಿ ಬರಲು ಎರಡೂವರೆ ನಿಮಿಷ. ಹೋದರೆ ಎರಡೂವರೆ ನಿಮಿಷ ತಡ, ಮೂರು ನಿಮಿಷದ ಕಡಿತ, 30 ಅಂಕ ಖೋತಾ. 20 ಗಳಿಸಲು 30 ಕಳೆದುಕೊಳ್ಳುವ ವ್ಯಾಪಾರ. ಲೆಕ್ಕ ಇಷ್ಟು ಸುಲಭ, ಆದರೂ ಆ ಬಿಸಿಲಲ್ಲಿ, ಆ ಏದುಸಿರಲ್ಲಿ ಹತ್ತರಲ್ಲಿ ಐದು ಜನ ಆಸೆಗೆ ಬಿದ್ದು ಹೋಗಿಯೇ ಹೋಗುತ್ತಾರೆ. ಕಾಲೇಜು ಹುಡುಗರು ಸೋಲುವುದೂ ಇಲ್ಲೇ.

ಇಡುವವರು ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಎಷ್ಟೇ ಚುರುಕಾದ ಓಟಗಾರನಿಗೂ ಎರಡು ಮೂರು ಕಂಟ್ರೋಲ್ ಬಿಟ್ಟುಬರಲೇಬೇಕಾದಂತಿರಲಿ. ಎಲ್ಲವನ್ನೂ ಮೂವತ್ತೆಂಟು ನಿಮಿಷದಲ್ಲಿ ಮುಗಿಸಿಬಿಟ್ಟರೆ ಅಲ್ಲಿಗೆ ಅದು ಬರೀ ಓಟ. ಇನ್ನೊಂದು, ದೊಡ್ಡ ಅಂಕದ ಕಂಟ್ರೋಲ್‌ಗಳನ್ನೆಲ್ಲ ಒಂದೇ ಮೂಲೆಯಲ್ಲಿ ಇಡಬೇಡಿ. ಇಟ್ಟರೆ ಎಲ್ಲರೂ ಮೆರವಣಿಗೆಯ ಹಾಗೆ ಅತ್ತಲೇ ಹೊರಡುತ್ತಾರೆ. ಎದುರುಬದುರು ದಿಕ್ಕಿನಲ್ಲಿ ಇಟ್ಟರೆ ಹೊರಟ ಮೊದಲ ನಿಮಿಷಕ್ಕೇ ಜನ ಚದುರಿ ಹೋಗುತ್ತಾರೆ.

ಸ್ಕೋರ್ ಹಳತಾಯಿತು ಎನಿಸಿದರೆ ಬೆಸ-ಸಮ ನಿಯಮ ಸೇರಿಸಿ: ಬೆಸ ಸಂಖ್ಯೆಯ ಕಂಟ್ರೋಲ್ ಆದ ಮೇಲೆ ಸಮ ಸಂಖ್ಯೆಯದ್ದನ್ನೇ ಮುಟ್ಟಬೇಕು, ಮತ್ತೆ ಬೆಸ. ಪಕ್ಕದಲ್ಲೇ ಇನ್ನೊಂದು ಬೆಸ ಕಂಟ್ರೋಲ್ ಇದ್ದರೂ ಬಿಟ್ಟುಹೋಗಬೇಕು. ಹೊಟ್ಟೆ ಉರಿಯುತ್ತದೆ, ಆದರೆ ಮಜಾ ಇದೆ.

ಇದೇ ಆಟದ ಅಣ್ಣ ರೋಗೇನ್. 1976ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು, ಪೂರ್ತಿ ರೂಪದಲ್ಲಿ 24 ಗಂಟೆ, ತಂಡವಾಗಿಯೇ ಹೋಗಬೇಕು. ನಮ್ಮ ಸೆಕೆಗೆ ಅಷ್ಟು ಬೇಡ. ಮೂರು ಗಂಟೆಯದ್ದು, ಸೈಕಲ್‌ನಲ್ಲಿ, ಮಲ್ಪೆಯಿಂದ ಕಾಪು ಕಡೆಗಿನ ಕರಾವಳಿ ರಸ್ತೆಗಳಲ್ಲಿ ಇಡಬಹುದು. ಹೆದ್ದಾರಿ ಮಾತ್ರ ಮ್ಯಾಪಿನಿಂದ ಹೊರಗಿರಲಿ.

ಎಲ್ಲರೂ ಒಟ್ಟಿಗೆ, ಆದರೆ ಕವಲಾಗಿ

ಅನುಕ್ರಮ ಇರಬೇಕು, ಒಟ್ಟಿಗೆ ಬಿಡಲೂ ಬೇಕು ಎಂದರೆ ಮೊದಲು ಎದುರಾಗುವ ತೊಂದರೆ ಬಾಲ ಹಿಡಿಯುವುದು. ಮುಂದಿನವನಿಗೆ ಮ್ಯಾಪ್ ಗೊತ್ತು, ಹಿಂದಿನ ಹತ್ತು ಜನರಿಗೆ ಅವನ ಬೆನ್ನು ಗೊತ್ತು. ಇದಕ್ಕೆ ಮದ್ದು ಸುತ್ತುಗಳು. ನಡುವೆ ಒಂದು ಕಂಟ್ರೋಲ್, ಅಲ್ಲಿಂದ ಹೊರಟು ಅಲ್ಲಿಗೇ ಬರುವ ಮೂರು ಸಣ್ಣ ಸುತ್ತು: ಕ, ಖ, ಗ. ಒಬ್ಬರ ಮ್ಯಾಪಿನಲ್ಲಿ ಕ-ಖ-ಗ, ಇನ್ನೊಬ್ಬರದ್ದರಲ್ಲಿ ಖ-ಗ-ಕ, ಮತ್ತೊಬ್ಬರದ್ದರಲ್ಲಿ ಗ-ಕ-ಖ. ಕೊನೆಗೆ ಎಲ್ಲರೂ ಓಡಿದ್ದು ಅಷ್ಟೇ ದೂರ, ಮುಟ್ಟಿದ್ದು ಅವೇ ಕಂಟ್ರೋಲ್. ಆದರೆ ಓಡುವಾಗ ಪಕ್ಕದವರು ನಿಮಗಿಂತ ಮುಂದಿದ್ದಾರೋ ಹಿಂದಿದ್ದಾರೋ ಕಡೆಯ ಸುತ್ತಿನವರೆಗೂ ಗೊತ್ತಾಗುವುದಿಲ್ಲ.

ನಿಜವಾದ ರೇಸಿನ ಬಿಸಿ ಬೇಕಾದವರಿಗೆ ಸ್ಕೋರ್‌ಗಿಂತ ಇದು ಮೇಲು. ಸೋಲುವುದು ತಯಾರಿಯ ಕೆಲಸದಲ್ಲಿ. ಮೂರು ಬಗೆಯ ಮ್ಯಾಪ್ ಅಚ್ಚಾಗಬೇಕು, ಯಾರಿಗೆ ಯಾವುದು ಕೊಟ್ಟೆವೆಂದು ಬರೆದಿಟ್ಟುಕೊಳ್ಳಬೇಕು, ಮುಗಿದ ಮೇಲೆ ಕ್ರಮ ತಾಳೆ ನೋಡಬೇಕು. ಪರ್ಪಲ್ ಪೆನ್ ಎಂಬ ಉಚಿತ ಸಾಫ್ಟ್‌ವೇರ್ ಇಂಥ ಕವಲುಗಳನ್ನು ಹಾಕಿಕೊಡುತ್ತದೆ, ಆದರೂ ಬೆಳಿಗ್ಗೆ ಮ್ಯಾಪ್ ಹಂಚುವವರಿಗೆ ತಾಳ್ಮೆ ಬೇಕು. ಸಹಾಯಕ್ಕೆ ನಾಲ್ಕು ಜನ ಇಲ್ಲದಿದ್ದರೆ ಕೈ ಹಾಕಬೇಡಿ.

ರಿಲೇ, ನಾಕೌಟ್, ಮತ್ತೆ ಬೆನ್ನಟ್ಟುವ ಓಟ

ತಂಡ ಕಟ್ಟಿ ಆಡುವುದು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮೊಸರು ಕುಡಿಕೆಯ ಹಗ್ಗಜಗ್ಗಾಟಕ್ಕೆ ಕೇರಿ ಕೇರಿಯೇ ನಿಲ್ಲುತ್ತದೆ. ಹಾಗಾಗಿ ರಿಲೇ ಇಟ್ಟರೆ ಗಲಾಟೆ ಗ್ಯಾರಂಟಿ. ಮೂವರ ತಂಡ, ತಲಾ ಎಂಟರಿಂದ ಹತ್ತು ನಿಮಿಷದ ಸುತ್ತು, ಕೈ ತಟ್ಟಿ ಮುಂದಿನವರನ್ನು ಬಿಡುವುದು ಎಲ್ಲರ ಕಣ್ಣೆದುರೇ. ತೊಂದರೆ ಒಂದೇ: "ನಾವು ಮೂವರು ಬರುತ್ತೇವೆ" ಎಂದವರಲ್ಲಿ ಒಬ್ಬರಿಗೆ ಆ ದಿನ ಬೆಳಿಗ್ಗೆ ಜ್ವರ ಬಂದಿರುತ್ತದೆ. ಅದಕ್ಕೆ ತಂಡಗಳನ್ನು ಮೊದಲೇ ಮಾಡಲೇಬೇಡಿ. ಬಂದವರ ಹೆಸರನ್ನು ವೇಗವಾದವರು, ನಡುವಿನವರು, ಹೊಸಬರು ಅಂತ ಮೂರು ಡಬ್ಬಿಗೆ ಹಾಕಿ, ಸ್ಥಳದಲ್ಲೇ ಚೀಟಿ ಎತ್ತಿ. ಎಂಟು ವರ್ಷದ ಮಗು ತನ್ನ ತಂಡದ ಇಂಜಿನಿಯರಿಂಗ್ ಹುಡುಗನಿಗೆ "ಬೇಗ ಬಾ ಮಾರಾಯ" ಎಂದು ಕೂಗುವುದನ್ನು ಕೇಳಲಿಕ್ಕಾದರೂ ವರ್ಷಕ್ಕೊಮ್ಮೆ ಇದನ್ನು ಇಡಬೇಕು.

ಓಣಿ, ಬೀದಿಗಳಲ್ಲಿ ಓಡುವ ಪುಟ್ಟ, ಚುರುಕಿನ ಸ್ಪರ್ಧೆಗೆ ಸ್ಪ್ರಿಂಟ್ ಅಂತ ಹೆಸರು. ಅದರಲ್ಲೇ ಸೋತವರು ಹೊರಬೀಳುತ್ತಾ ಹೋಗುವ ನಾಕೌಟ್ ಸ್ಪ್ರಿಂಟ್ ಹೊಸದು. ವಿಶ್ವ ಚಾಂಪಿಯನ್‌ಶಿಪ್‌ಗೆ ಅದು ಮೊದಲು ಬಂದದ್ದು 2022ರಲ್ಲಿ, ಡೆನ್ಮಾರ್ಕ್‌ನಲ್ಲಿ. ಆರಾರು ಜನರ ಹೀಟ್, ಕೆಲವೇ ನಿಮಿಷದ ಓಟ, ಮುಂದೆ ಬಂದವರು ಮುಂದಿನ ಸುತ್ತಿಗೆ. ನೋಡುವವರಿಗೆ ಹಬ್ಬ. ಆದರೆ ಬೆಳಿಗ್ಗೆ ಆರಕ್ಕೆ ಎದ್ದು ಕುಂದಾಪುರದಿಂದ ಬಂದವರು ಏಳು ನಿಮಿಷಕ್ಕೆ ಸೋತು ಕೂತರೆ ಮುಂದಿನ ಸಲ ಬರುತ್ತಾರಾ? ಕಾಲೇಜ್ ಫೆಸ್ಟ್‌ಗೆ ಇದು ಸರಿ, ಭಾನುವಾರದ ಕೂಟಕ್ಕೆ ಬೇಡ.

ಬೆನ್ನಟ್ಟುವ ಓಟದ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ಲರಿಗೂ ಗೆಲ್ಲುವ ಅವಕಾಶ ಕೊಡುವ ಬಗೆ ಇದೊಂದೇ. ನಿಧಾನದವರು ಮೊದಲು ಹೊರಡುತ್ತಾರೆ, ವೇಗದವರು ಕೊನೆಗೆ. ಹಿಂದಿನ ಕೂಟದಲ್ಲಿ ಅಷ್ಟೇ ಉದ್ದದ ದಾರಿಗೆ ಒಬ್ಬರಿಗೆ 34 ನಿಮಿಷ, ಇನ್ನೊಬ್ಬರಿಗೆ 26, ಮತ್ತೊಬ್ಬರಿಗೆ 20 ಹಿಡಿದಿತ್ತು ಅನ್ನಿ. 34ರವರು ಸೊನ್ನೆಗೆ ಹೊರಡಲಿ, 26ರವರು ಎಂಟನೇ ನಿಮಿಷಕ್ಕೆ, 20ರವರು ಹದಿನಾಲ್ಕನೇ ನಿಮಿಷಕ್ಕೆ. ಎಲ್ಲರೂ ಮೊದಲಿನಷ್ಟೇ ಓಡಿದರೆ ಮೂವರೂ 34ನೇ ನಿಮಿಷಕ್ಕೆ ಒಟ್ಟಿಗೆ ಗೆರೆ ಮುಟ್ಟಬೇಕು. ಗೆರೆ ಮೊದಲು ಮುಟ್ಟಿದವರೇ ವಿಜೇತರು, ಆಮೇಲೆ ಕೂಡಿಸಿ ಕಳೆಯುವ ಲೆಕ್ಕ ಏನೂ ಇಲ್ಲ. ಕೊನೆಯ ಇನ್ನೂರು ಮೀಟರಿನಲ್ಲಿ ಐವತ್ತೈದರ ಟೀಚರ್ ಮುಂದೆ, ಬೆನ್ನ ಹಿಂದೆ ಇಪ್ಪತ್ತರ ಹುಡುಗ. ಆ ಕೂಗಾಟಕ್ಕೆ ಸಮ ಯಾವುದೂ ಇಲ್ಲ.

ಕಳ್ಳಾಟಕ್ಕೂ ಇಲ್ಲಿ ಅವಕಾಶ ಇದೆ, ಗೊತ್ತಿರಲಿ. ಹಿಂದಿನ ಸಲ ಬೇಕೆಂದೇ ನಿಧಾನ ಓಡಿ ಈ ಸಲ ಬೇಗ ಹೊರಡುವವರು ಸಿಗುತ್ತಾರೆ. ಆದ್ದರಿಂದ ಕೊನೆಯ ಕೂಟದ ಸಮಯ ಹಿಡಿಯಬೇಡಿ. ಆ ವರ್ಷದ ಅವರ ಅತ್ಯುತ್ತಮ ಸಮಯವನ್ನೇ ಹಿಡಿಯಿರಿ. ಹಳೆಯ ಲೆಕ್ಕ ಇಲ್ಲದೆ ಇದು ನಡೆಯುವುದಿಲ್ಲವಾದ್ದರಿಂದ ವರ್ಷದ ಮೊದಲ ಕೂಟಕ್ಕೆ ಇಡಲು ಆಗುವುದಿಲ್ಲ.

ವಿಭಾಗ ಎಷ್ಟಿರಬೇಕು

ಕಂಬಳದಲ್ಲಿ ಓಡುವ ಗದ್ದೆ ಅದೇ, ಆದರೆ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ, ಅದರಲ್ಲೂ ನೇಗಿಲು-ಹಗ್ಗಕ್ಕೆ ಹಿರಿಯ-ಕಿರಿಯ ಅಂತ ಬೇರೆ ಬೇರೆ ವಿಭಾಗ. ಕನೆ ಹಲಗೆಯಲ್ಲಿ ವೇಗ ಬಿಟ್ಟು ನೀರು ಎಷ್ಟು ಎತ್ತರ ಚಿಮ್ಮಿತೆಂದು ನೋಡುತ್ತಾರೆ. ನಮ್ಮ ಆಟಕ್ಕೂ ಆ ಬುದ್ಧಿ ಬೇಕು: ವೇಗವಲ್ಲದೆ ಬೇರೆ ಯಾವುದಕ್ಕಾದರೂ ಒಂದು ಬಹುಮಾನ ಇರಲಿ. ಆದರೆ ಅಷ್ಟು ವಿಭಾಗ ನಾವು ಮಾಡಿದರೆ ಪ್ರತಿ ವಿಭಾಗಕ್ಕೆ ನಾಲ್ಕು ಜನ, ಅವರಲ್ಲಿ ಮೂವರಿಗೆ ಪದಕ. ಅದೆಂಥ ಗೆಲುವು?

ಇಪ್ಪತ್ತೈದು ಮಂದಿಗೆ ಎರಡೇ ವಿಭಾಗ ಸಾಕು: ಒಬ್ಬರೇ ಹೋಗುವವರು, ಮತ್ತು ಜೊತೆಯಾಗಿ ಹೋಗುವವರು. ಮಕ್ಕಳು ಅಪ್ಪ-ಅಮ್ಮನ ಜೊತೆ ಎರಡನೆಯದಕ್ಕೆ. ವಯಸ್ಸಿನ ಅಂತರವನ್ನು ಬೇರೆ ವಿಭಾಗ ಮಾಡಿ ಮುಚ್ಚುವ ಬದಲು ನಿಮಿಷ ಕೊಟ್ಟು ಮುಚ್ಚಿ. ಸ್ಕೋರ್‌ನಲ್ಲಿ ಐವತ್ತು ದಾಟಿದವರಿಗೆ ಐದು ನಿಮಿಷ ಜಾಸ್ತಿ, ಹನ್ನೆರಡರ ಒಳಗಿನ ಮಕ್ಕಳಿಗೂ ಐದು. ಮೂರನೆಯ ಬಹುಮಾನ, ತನ್ನದೇ ಹಿಂದಿನ ಲೆಕ್ಕಕ್ಕಿಂತ ಎಲ್ಲರಿಗಿಂತ ಹೆಚ್ಚು ಸುಧಾರಿಸಿದವರಿಗೆ. ಬಹುಮಾನ ಏನಿಡಬೇಕು? ಬಾಳೆಗೊನೆ. ಟ್ರೋಫಿ ಶೋಕೇಸಿನಲ್ಲಿ ಧೂಳು ತಿನ್ನುತ್ತದೆ, ಗೊನೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಸ್ಸು ಹತ್ತುವವರನ್ನು ಇಡೀ ಬಸ್ಸು ವಿಚಾರಿಸುತ್ತದೆ.

ಜಾಗ

ಬಗೆ ಮತ್ತು ಜಾಗ ಹೊಂದಬೇಕು. ಇಲ್ಲೇ ಸುಮಾರು ಕೂಟಗಳು ಎಡವುವುದು.

ಓಣಿಗಳಿಗೆ ಸ್ಪ್ರಿಂಟ್ ಹೇಳಿ ಮಾಡಿಸಿದ್ದು. ಮಂಗಳೂರಿನ ಬಂದರು ಕಡೆಯ ಗೋದಾಮುಗಳ ನಡುವಿನ ಗಲ್ಲಿಗಳಲ್ಲಿ ಭಾನುವಾರ ಲಾರಿ ಕಡಿಮೆ, ತಿರುವು ಜಾಸ್ತಿ. ಸ್ಪ್ರಿಂಟ್‌ನಲ್ಲಿ ಗೆಲ್ಲುವವರ ಸಮಯ 12ರಿಂದ 15 ನಿಮಿಷ ಇರಬೇಕೆಂಬುದು ಅಂತರರಾಷ್ಟ್ರೀಯ ಅಳತೆ, ನಮಗೂ ಅದೇ ಹಿತ. ದಕ್ಕೆಯ ಕಡೆ ಮಾತ್ರ ಬೆಳಿಗ್ಗೆ ಹೋಗಬೇಡಿ. ಅಲ್ಲಿ ಮೀನಿನ ವ್ಯಾಪಾರದ ಹೊತ್ತು ಅದು, ನಿಮ್ಮ ಆಟಕ್ಕೆ ಯಾರೂ ಪಕ್ಕಕ್ಕೆ ಸರಿಯುವುದಿಲ್ಲ, ಸರಿಯಲೂ ಬಾರದು. ಉಡುಪಿಯ ರಥಬೀದಿಯೂ ಮ್ಯಾಪಿನಲ್ಲಿ ಚೆಂದ ಕಾಣುತ್ತದೆ, ಆದರೆ ದರ್ಶನಕ್ಕೆ ಬಂದವರ ನಡುವೆ ಓಡುವುದು ಚೆಂದವಲ್ಲ. ಉಡುಪಿಯಲ್ಲಿ ಅಜ್ಜರಕಾಡು ಮೈದಾನ, ಭುಜಂಗ ಪಾರ್ಕ್ ಸುತ್ತ ನೋಡಿ.

ಮಕ್ಕಳ ಮೊದಲ ಕೂಟಕ್ಕೆ ಕದ್ರಿ ಪಾರ್ಕ್ ಅಥವಾ ಮಣಿಪಾಲದ ಮಣ್ಣಪಳ್ಳ ಸಾಕು. ಬೇಲಿ ಇದೆ, ಕಳೆದುಹೋಗುವ ಭಯವಿಲ್ಲ. ವಾಕಿಂಗ್ ಬರುವವರ ಹೊತ್ತು ತಪ್ಪಿಸಿ. ತಣ್ಣೀರುಬಾವಿಯ ಗಾಳಿಮರದ ತೋಪು ನೆರಳಿಗೆ ಒಳ್ಳೆಯದು, ಆದರೆ ನೆಲ ಸಪಾಟು, ಎಲ್ಲ ಮರವೂ ಒಂದೇ ಥರ. ದಿಕ್ಸೂಚಿ ಹಿಡಿದು ಹೆಜ್ಜೆ ಎಣಿಸುವುದನ್ನು ಕಲಿಸಲು ಅದು ಸರಿ, ದಾರಿ ಆರಿಸುವ ಆಟ ಅಲ್ಲಿ ಹುಟ್ಟುವುದಿಲ್ಲ.

ಪಿಲಿಕುಳ, ಕೊಣಾಜೆಯ ವಿಶ್ವವಿದ್ಯಾನಿಲಯದ ಗುಡ್ಡೆ, ಮಣಿಪಾಲದ ಎಂಡ್ ಪಾಯಿಂಟ್ ಇವೆಲ್ಲ ಏರಿಳಿತ ಇರುವ ಜಾಗ. ಸುತ್ತುಬಳಸಿ ರಸ್ತೆಯಲ್ಲಿ ಓಡುವುದೋ, ನೇರ ಇಳಿದು ಹತ್ತುವುದೋ ಎಂಬ ಪ್ರಶ್ನೆ ಪ್ರತಿ ಕಂಟ್ರೋಲ್‌ಗೂ ಬರುತ್ತದೆ. ಒಳಗೆ ಬಿಡುವುದು ಆಯಾ ಸಂಸ್ಥೆಯವರ ಇಷ್ಟ, ಲಿಖಿತ ಒಪ್ಪಿಗೆ ಬೇಕೇ ಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ಮುರಕಲ್ಲಿನ ಪದವು, ಅಂದರೆ ಕೆಂಪು ಕಲ್ಲಿನ ಬಯಲುಗುಡ್ಡ. ದೂರದವರೆಗೆ ಕಾಣುತ್ತದೆ, ಓಡಬಹುದು, ಸಣ್ಣ ಸಣ್ಣ ಹೊಂಡ, ಬಂಡೆಯ ಅಂಚು, ಒಂಟಿ ಗೇರುಮರ ಹೀಗೆ ಕಂಟ್ರೋಲ್ ಇಡಲು ಬೇಕಾದಷ್ಟು ಗುರುತು. ಆದರೆ ಸುತ್ತಲಿನ ಇಳಿಜಾರಿನಲ್ಲಿ ಮಳೆ ನಿಂತ ಮೇಲೆ ಕಮ್ಯುನಿಸ್ಟ್ ಗಿಡ ಎಂಬ ಕಳೆ ಆಳೆತ್ತರ ನಿಂತಿರುತ್ತದೆ, ಒಳಗೆ ಏನಿದೆಯೆಂದು ದೇವರಿಗೇ ಗೊತ್ತು. ಕಲ್ಲು ತೆಗೆದು ಬಿಟ್ಟ ಕೋರೆಗಳಲ್ಲಿ ನೀರು ತುಂಬಿರುತ್ತದೆ, ಅಂಚು ನೆಟ್ಟಗೆ ಕಡಿದ ಗೋಡೆ. ಅಂಥ ಕೋರೆಯ ಹತ್ತಿರಕ್ಕೂ ಕಂಟ್ರೋಲ್ ಬೇಡ. ಒಂದು ಕಂಟ್ರೋಲ್‌ನಿಂದ ಇನ್ನೊಂದಕ್ಕೆ ಎಳೆದ ನೇರ ಗೆರೆ ಕೂಡ ಕೋರೆಯ ಮೇಲೆ ಹಾಯಬಾರದು.

ನಾಗಬನ, ದೈವಸ್ಥಾನದ ಅಂಗಳ, ಮನೆಯ ಕಂಪೌಂಡ್ ಇವೆಲ್ಲ ಮ್ಯಾಪಿನಲ್ಲಿ ಆಲಿವ್ ಹಸಿರು. ಓರಿಯೆಂಟಿಯರಿಂಗ್ ಮ್ಯಾಪಿನಲ್ಲಿ ಆ ಬಣ್ಣ ಇದ್ದಲ್ಲಿ ಕಾಲಿಡುವಂತಿಲ್ಲ, ಇಟ್ಟರೆ ಅನರ್ಹ. ನಮ್ಮ ಊರಿಗೆ ಇಷ್ಟು ಹೊಂದುವ ನಿಯಮ ಬೇರೆ ಇಲ್ಲ.

ಮ್ಯಾಪ್ ಯಾವುದು

ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತಯಾರಾದ ಮ್ಯಾಪ್ ಪುಕ್ಕಟೆ ಸಿಗುತ್ತದೆ, ಅರ್ಧ ಗಂಟೆಯಲ್ಲಿ ಅಚ್ಚಿಗೆ ಸಿದ್ಧ. ಸ್ಕೋರ್‌ಗೆ ಸಾಕು. ಸ್ಪ್ರಿಂಟ್‌ಗೆ ಸಾಲದು, ಏಕೆಂದರೆ ನಮ್ಮ ಊರಿನ ಅಸಲಿ ಅಡ್ಡಿ ಕಂಪೌಂಡ್ ಗೋಡೆ, ಅದು ಅದರಲ್ಲಿ ಹೆಚ್ಚಾಗಿ ಇರುವುದೇ ಇಲ್ಲ. ಮ್ಯಾಪ್ ನೋಡಿ ಹತ್ತಿರದ ದಾರಿ ಹಿಡಿದವರು ಗೋಡೆಗೆ ಮುಖ ಕೊಟ್ಟು ನಿಲ್ಲುತ್ತಾರೆ, ಆ ಬೀದಿಯಲ್ಲೇ ಹುಟ್ಟಿ ಬೆಳೆದವರು ಗೆಲ್ಲುತ್ತಾರೆ. ಸ್ಪ್ರಿಂಟ್ ಮ್ಯಾಪಿನ ಅಳತೆ 1:4,000, ಅಂದರೆ ಒಂದು ಸೆಂಟಿಮೀಟರ್‌ಗೆ ನೆಲದ ಮೇಲೆ 40 ಮೀಟರ್. ಆ ಅಳತೆಯಲ್ಲಿ ಗೋಡೆ, ಮೆಟ್ಟಿಲು, ಗೇಟು ಎಲ್ಲ ತೋರಿಸಬಹುದು. ಓಪನ್‌ಓರಿಯೆಂಟಿಯರಿಂಗ್ ಮ್ಯಾಪರ್ ಎಂಬ ಉಚಿತ ಸಾಫ್ಟ್‌ವೇರ್ ಫೋನಿಗೂ ಬರುತ್ತದೆ. ಒಂದು ಜಾಗ ಆರಿಸಿ, ಸಂಜೆ ಸಂಜೆ ನಡೆದು, ಗೋಡೆಗಳನ್ನು ನೀವೇ ಸೇರಿಸಿ. ಆ ಜಾಗದಲ್ಲಿ ಆಮೇಲೆ ವರ್ಷಗಟ್ಟಲೆ ಕೂಟ ಇಡಬಹುದು.

ಹೋಗಿ ಬಂದದ್ದಕ್ಕೆ ಗುರುತು

ಮೂರು ದಾರಿ ಇವೆ. ಅಗ್ಗದ್ದು ಸೂಜಿ ಪಂಚ್: ಕ್ಲಿಪ್ಪಿನಂಥ ಪ್ಲಾಸ್ಟಿಕ್ ತುಂಡು, ಒಳಗೆ ಸೂಜಿಗಳು, ಪ್ರತಿಯೊಂದರ ವಿನ್ಯಾಸ ಬೇರೆ. ಕಾರ್ಡಿನ ಮೇಲೆ ಒತ್ತಿದರೆ ತೂತಿನ ಗುರುತು ಬೀಳುತ್ತದೆ. ಅದೂ ಇಲ್ಲದಿದ್ದರೆ ಬಾವುಟದ ಮೇಲೆ ಎರಡು ಅಕ್ಷರ ಬರೆದಿಡಿ, ಓಟಗಾರರು ನಕಲು ಮಾಡಿಕೊಳ್ಳಲಿ. ಪೆನ್ಸಿಲ್ ಕೊಡಿ. ಬೆವರಿನ ಕೈಗೆ ಪೆನ್ನು ನಡೆಯುವುದಿಲ್ಲ.

ಎರಡನೆಯದು ಫೋನ್. ಮ್ಯಾಪ್‌ರನ್ ಎಂಬ ಆ್ಯಪ್‌ನಲ್ಲಿ ಕಂಟ್ರೋಲ್ ಹತ್ತಿರ ಬಂದಾಗ ಜಿಪಿಎಸ್ ನೋಡಿ ಫೋನ್ ಸದ್ದು ಮಾಡುತ್ತದೆ. ಬಾವುಟ ಕಟ್ಟುವ, ಬಿಚ್ಚುವ, ಯಾರೋ ಎತ್ತಿಕೊಂಡು ಹೋದರೆಂದು ಕೊರಗುವ ಕೆಲಸ ಇಲ್ಲ. ಫಲಿತಾಂಶ ತಾನೇ ಬರುತ್ತದೆ. ಒಂದು ವಾರ ಪೂರ್ತಿ ತೆರೆದಿಟ್ಟರೆ ಭಾನುವಾರ ಬಿಡುವಿಲ್ಲದವರೂ ಆಡಬಹುದು. ಆದರೆ ಇಕ್ಕಟ್ಟಿನ ಓಣಿಯಲ್ಲಿ, ಎತ್ತರದ ಗೋಡೆ ನಡುವೆ ಜಿಪಿಎಸ್ ಅತ್ತಿತ್ತ ಅಲೆಯುತ್ತದೆ. ಒಬ್ಬರ ಫೋನ್ ಹತ್ತು ಮೀಟರ್ ಮೊದಲೇ ಕೂಗಿದರೆ ಇನ್ನೊಬ್ಬರದ್ದು ದಾಟಿಹೋದರೂ ಸುಮ್ನೆ ಇರುತ್ತದೆ. ನಲವತ್ತೈದು ನಿಮಿಷದ ಸ್ಕೋರ್‌ನಲ್ಲಿ ಇದು ದೊಡ್ಡ ವಿಷಯವಲ್ಲ. ಹದಿನಾಲ್ಕು ನಿಮಿಷದ ಸ್ಪ್ರಿಂಟ್‌ನಲ್ಲಿ ಜಗಳವೇ. ಹಾಗಾಗಿ ಸ್ಕೋರ್‌ಗೆ ಫೋನ್, ಸ್ಪ್ರಿಂಟ್ ಮತ್ತು ರಿಲೇಗೆ ಸೂಜಿ ಪಂಚ್.

ಮೂರನೆಯದು ಸ್ಪೋರ್ಟ್‌ಐಡೆಂಟ್‌ನಂಥ ಚಿಪ್. ಬೆರಳಿಗೆ ಕಟ್ಟಿಕೊಂಡು ಪೆಟ್ಟಿಗೆಗೆ ತೂರಿಸಿದರೆ ಸೆಕೆಂಡಿನ ಲೆಕ್ಕ ಸಿಗುತ್ತದೆ. ಒಳ್ಳೆಯದು, ದುಬಾರಿ. ತಿಂಗಳಿಗೆರಡು ಕೂಟ ಇಡುವಷ್ಟು ಬೆಳೆದ ಮೇಲೆ ಯೋಚಿಸಿ.

ಚಿಪ್‌ಗೆ ಹಾಕುವ ದುಡ್ಡಿನಲ್ಲಿ ಚೂರು ತೆಗೆದು ಆ ದಿನದ ಮ್ಯಾಪನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಮುಗಿತಾಯದ ಪಕ್ಕ ಗೋಡೆಗೆ ಅಂಟಿಸಿ, ನಾಲ್ಕು ಬಣ್ಣದ ಸ್ಕೆಚ್ ಪೆನ್ ಇಡಿ. ಬಂದವರೆಲ್ಲ ತಾವು ಹೋದ ದಾರಿ ಗೀಚಲಿ. ಪಕ್ಕದಲ್ಲಿ ಚಾ, ಗೋಳಿಬಜೆ. "ನೀವು ಆ ಮೆಟ್ಟಿಲು ಇಳಿದದ್ದಾ ಮಾರಾಯ್ರೆ? ನಾನು ಚರ್ಚಿನ ಸುತ್ತ ಬಂದೆ, ಎರಡು ನಿಮಿಷ ಹೋಯ್ತು!" "ಎಂಥ ಮೆಟ್ಟಿಲು? ಮ್ಯಾಪಲ್ಲಿ ಎಲ್ಲುಂಟು?" ಈ ಮಾತು ಅರ್ಧ ಗಂಟೆ ನಡೆದರೆ ಮುಂದಿನ ಕೂಟಕ್ಕೆ ಅವರೆಲ್ಲ ಬರುತ್ತಾರೆ. ಒಬ್ಬೊಬ್ಬರನ್ನೇ ಬಿಟ್ಟ ಕೂಟದಲ್ಲಿ ಈ ಮಾತು ನಡೆಯುವುದಿಲ್ಲ, ಏಕೆಂದರೆ ಕೇಳುವವರು ಆಗಲೇ ಮನೆ ಸೇರಿರುತ್ತಾರೆ.

ವರ್ಷದ ಲೆಕ್ಕ

ಬಿಡಿ ಬಿಡಿ ಕೂಟಕ್ಕಿಂತ ಸರಣಿ ಮೇಲು. ಅಂಕದ ಲೆಕ್ಕ ಸರಳವಾಗಿರಲಿ: ಗೆದ್ದವರಿಗೆ 1000, ಉಳಿದವರಿಗೆ ಗೆದ್ದವರ ಸಮಯವನ್ನು ಅವರ ಸಮಯದಿಂದ ಭಾಗಿಸಿ ಸಾವಿರದಿಂದ ಗುಣಿಸಿದಷ್ಟು. ಗೆದ್ದವರಿಗೆ 32 ನಿಮಿಷ, ನಿಮಗೆ 40 ಆದರೆ 800. ಸ್ಕೋರ್ ಕೂಟದಲ್ಲಿ ಸಮಯದ ಬದಲು ಅಂಕ, ಭಾಗಾಕಾರ ತಿರುಗುಮುರುಗು. ಎಲ್ಲ ಕೂಟದ ಅಂಕ ಕೂಡಿಸಬೇಡಿ. ಐದು ಇಟ್ಟರೆ ಒಳ್ಳೆಯ ಮೂರನ್ನು ಮಾತ್ರ ಹಿಡಿಯಿರಿ. ಮದುವೆ, ನೇಮ, ಪರೀಕ್ಷೆ ಅಂತ ಎರಡು ಕೂಟ ತಪ್ಪಿದವರೂ ಕೊನೆಯವರೆಗೆ ಕಣದಲ್ಲಿರುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್ ಮಳೆ, ಮಾರ್ಚ್ ನಂತರ ಸೆಕೆ. ಉಳಿದ ತಿಂಗಳು ಕಡಿಮೆ, ಆದ್ದರಿಂದ ಸರಣಿಯನ್ನು ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿ. ನಾನಾದರೆ ನವೆಂಬರಿನಲ್ಲಿ ಕದ್ರಿಯಲ್ಲಿ ಸಣ್ಣ ಸ್ಕೋರ್ ಇಟ್ಟು ಹೊಸಬರನ್ನು ಹಿಡಿಯುತ್ತೇನೆ. ಡಿಸೆಂಬರಿನಲ್ಲಿ ಬಂದರಿನ ಓಣಿಯಲ್ಲಿ ಸ್ಪ್ರಿಂಟ್, ಸೂಜಿ ಪಂಚ್. ಕ್ರಿಸ್‌ಮಸ್ ರಜೆಯಲ್ಲಿ ಊರಿಗೆ ಬಂದವರಿದ್ದಾಗ ಮಣಿಪಾಲದಲ್ಲಿ ಚೀಟಿ ಎತ್ತಿದ ರಿಲೇ. ಜನವರಿಯಲ್ಲಿ ಪದವಿನ ಮೇಲೆ ಒಂದು ಗಂಟೆಯ ಸ್ಕೋರ್, ಬೆಸ-ಸಮ ನಿಯಮದ್ದು. ಫೆಬ್ರವರಿಯಲ್ಲಿ ಡಿಸೆಂಬರ್ ಸ್ಪ್ರಿಂಟ್‌ನಷ್ಟೇ ಉದ್ದದ ಬೆನ್ನಟ್ಟುವ ಓಟ. ಆ ಸ್ಪ್ರಿಂಟ್ ತಪ್ಪಿಸಿಕೊಂಡವರನ್ನು ಸ್ಕೋರ್‌ನಲ್ಲಿ ಅವರ ಸರಿಸಮ ಬಂದವರ ಜೊತೆ ಬಿಡಬಹುದು. ಮಳೆಗಾಲದಲ್ಲಿ ಕೈ ಕಟ್ಟಿ ಕೂರಬೇಕೆಂದೇನಿಲ್ಲ: ಶಾಲೆಯ ಹಾಲ್‌ನಲ್ಲಿ ಕುರ್ಚಿ, ಹಗ್ಗ ಕಟ್ಟಿ ಚಕ್ರವ್ಯೂಹ ಮಾಡಿ, ಎರಡು ನಿಮಿಷದ ಓಟ ಇಟ್ಟರೆ ಮಕ್ಕಳು ಸಾಯಂಕಾಲದವರೆಗೆ ಬಿಡುವುದಿಲ್ಲ.

ದಿನ ಗೊತ್ತು ಮಾಡುವ ಮೊದಲು ಕಂಬಳದ ಪಟ್ಟಿ ನೋಡಿಕೊಳ್ಳಿ. ಅದರ ಋತುವೂ ಇದೇ, ಶನಿವಾರ ರಾತ್ರಿಯಿಡೀ ಗದ್ದೆಯಂಚಿನಲ್ಲಿ ನಿಂತವರು ಭಾನುವಾರ ಬೆಳಿಗ್ಗೆ ಏಳಕ್ಕೆ ನಿಮ್ಮ ಮ್ಯಾಪ್ ಹಿಡಿಯಲು ಬರುವುದಿಲ್ಲ. ಒಪ್ಪಿಗೆಯ ಅರ್ಜಿಗಳನ್ನು ಅಕ್ಟೋಬರಿನಲ್ಲೇ ಕೊಡಿ, ಎಷ್ಟು ಜನ, ಎಷ್ಟರಿಂದ ಎಷ್ಟು ಗಂಟೆ, ಬಾವುಟ ಯಾವಾಗ ಬಿಚ್ಚುತ್ತೀರಿ ಎಂದು ಬರೆದು. ಕೂಟದ ದಿನ ಹೊರಟವರ ಪಟ್ಟಿ ಒಬ್ಬರ ಕೈಯಲ್ಲೇ ಇರಲಿ; ಪಟ್ಟಿಯ ಕೊನೆಯ ಹೆಸರಿಗೆ ಟಿಕ್ ಬೀಳುವವರೆಗೆ ಅವರು ಚಾ ಕುಡಿಯಲೂ ಏಳಬಾರದು.